ಹ್ಯಾಮ್ ರೇಡಿಯೊದ ಮೋರ್ಸ್ ಕೀ

ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, ಚುಕ್ಕೆ-ಗೆರೆಗಳ ಸಂಕೇತ ಕಳಿಸುವ ಸಾಧನ. ಹಿತ್ತಾಳೆಯ ಸನ್ನೆ, ಸ್ಪ್ರಿಂಗ್, ಒತ್ತಲು ಗುಂಡಿ, ಇಷ್ಟೇ. ಒತ್ತಿದಷ್ಟು ಹೊತ್ತು ಮಾತ್ರ ಟ್ರಾನ್ಸ್‌ಮಿಟರ್‌ನಿಂದ ಅಲೆ ಹೊರಡುತ್ತದೆ. 19ನೇ ಶತಮಾನದ ತಂತಿ ಕಚೇರಿಯ ವಿನ್ಯಾಸವೇ ಹೆಚ್ಚು ಬದಲಾಗದೆ ಉಳಿದಿದೆ.

ಮೈಸೂರಿಗೆ ರೇಡಿಯೊ ಬಂದದ್ದೂ ಹವ್ಯಾಸದಿಂದಲೇ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಅದರ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ್ದಾಯಿತು.

ಮತ್ತೆ ಕೀಗೆ ಬಂದರೆ, ಸನ್ನೆಯ ಹಿಂಬದಿಯ ತಿರುಪನ್ನು ಗಮನಿಸಿ. ಸಂಪರ್ಕಬಿಂದುಗಳ ನಡುವಿನ ಕೂದಲೆಳೆಯಷ್ಟು ಅಂತರವನ್ನು ಪ್ರತಿಯೊಬ್ಬರೂ ತಮ್ಮ ಕೈಗೆ ತಕ್ಕಂತೆ ಇದರಿಂದ ಹೊಂದಿಸಿಕೊಳ್ಳುತ್ತಾರೆ. ತಂದೆಯ ಕೀ ಮಗಳ ಕೈಗೆ ಬಂದಾಗ ಮೊದಲು ತಿರುಗುವುದು ಇದೇ. ಉಪಕರಣ ಮನೆಯಲ್ಲಿ ಹೀಗೆ ಕೈಬದಲಾದರೂ ಹ್ಯಾಮ್‌ನ ಗುರುತಾದ ಕರೆಸಂಕೇತ ಹಾಗೆ ಕೈಬದಲಾಗದು. ಭಾರತದಲ್ಲಿ ‘ವಿಯು’ ಎಂದು ಆರಂಭವಾಗುವ ತನ್ನದೇ ಕರೆಸಂಕೇತವನ್ನು ಮಗಳೂ ಪರೀಕ್ಷೆ ಬರೆದೇ ಪಡೆಯಬೇಕು.