ದಾವಣಗೆರೆ ಬೆಣ್ಣೆದೋಸೆ ಹೋಟೆಲುಗಳು

ಮಧ್ಯ ಕರ್ನಾಟಕದ ದಾವಣಗೆರೆಯಲ್ಲಿ ಬೆಳೆದ, ಒಂದೇ ತಿನಿಸಿನಿಂದ ಹೆಸರಾದ ಉಪಾಹಾರಗೃಹಗಳು. ಖ್ಯಾತಿಗೆ ಬೆಣ್ಣೆಯೊಂದೇ ಕಾರಣವೆಂಬ ಗ್ರಹಿಕೆ ಅಪೂರ್ಣ. ಅಕ್ಕಿ, ಉದ್ದಿನಬೇಳೆಯ ಜೊತೆ ಮಂಡಕ್ಕಿ ರುಬ್ಬುವುದರಿಂದ ದೋಸೆ ಒಳಗೆ ಮೆತ್ತಗೆ, ಹೊರಗೆ ಗರಿಗರಿ. ಮಂಡಕ್ಕಿ ಭಟ್ಟಿಗಳು ಈ ಊರಿನ ಹಳೆಯ ಉದ್ಯಮ. ಅರಿಸಿನವಿಲ್ಲದ ಆಲೂಗಡ್ಡೆ ಪಲ್ಯ, ಖಾರದ ಕಾಯಿಚಟ್ನಿ ಬೆಣ್ಣೆಯ ಜಿಡ್ಡನ್ನು ತೂಗಿಸುತ್ತವೆ. ಹತ್ತಿಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿದ್ದ ಪೇಟೆಗೆ ಹೊಟ್ಟೆ ತುಂಬಿಸುವ, ಬೇಗ ಸಿಗುವ ತಿನಿಸು ಹೊಂದುತ್ತಿತ್ತು.

ಬೆಂಗಳೂರಿನಲ್ಲೂ ಇದೇ ದೋಸೆ ಸಿಗುವಾಗ ಊರಿನ ಪಾತ್ರವೇನೆಂಬ ಆಕ್ಷೇಪವುಂಟು. ಪಾಕವಿಧಾನ ವಲಸೆ ಹೋಗಬಲ್ಲದು, ನಿಜ. ಆದರೆ ಅಲ್ಲಿನ ಫಲಕಗಳೂ ‘ದಾವಣಗೆರೆ’ಯನ್ನು ಬಿಟ್ಟುಕೊಡುವುದಿಲ್ಲ. ಊರಿನ ಹೆಸರೇ ಗುಣಮಟ್ಟದ ಭರವಸೆಯಾಗಿರುವುದರಿಂದ, ಈ ರುಚಿಯನ್ನು ಒಂದು ಪಟ್ಟಣದ ಸಾಮೂಹಿಕ ಕಸುಬೆಂದು ಪರಿಗಣಿಸುವುದು ಯುಕ್ತ.