ಖ್ವಾಜಾ ಮಹ್ಮೂದ್ ಗವಾನರಿಗೆ ಸಿಕ್ಕಿದ್ದೇನು?

ಭಾಲ್ಕಿ ತಾಲ್ಲೂಕಿನ ಮೆಹಕರ ಗ್ರಾಮದ ನಮ್ಮ ಮಕ್ಕಳನ್ನು ಕಳೆದ ಚಳಿಗಾಲದಲ್ಲಿ ಬೀದರ್ ನಗರಕ್ಕೆ ಕರೆದೊಯ್ದಿದ್ದೆ. ಖ್ವಾಜಾ ಮಹ್ಮೂದ್ ಗವಾನರ ಮದ್ರಸಾದ ಎದುರು, ಉಳಿದಿರುವ ಒಂದೇ ಮಿನಾರಿನ ನೆರಳಿನಲ್ಲಿ ಕುಳಿತು ಅದರ ಕಥೆಯನ್ನು ಹೇಳಿ ಮುಗಿಸಿದಾಗ ಹತ್ತು ವರ್ಷದ ಹುಡುಗನೊಬ್ಬ ಕೇಳಿದ: “ಉಸ್ತಾದ್, ಇಷ್ಟೆಲ್ಲ ಒಳ್ಳೆಯದು ಮಾಡಿದವರನ್ನು ಕೊನೆಗೆ ಕೊಂದುಬಿಟ್ಟರು. ಹಾಗಾದರೆ ಅವರಿಗೆ ಸಿಕ್ಕಿದ್ದೇನು?”

ಆ ಕ್ಷಣದಲ್ಲಿ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಏಕೆಂದರೆ ಅದು ಆ ಮಗುವಿನ ಪ್ರಶ್ನೆ ಮಾತ್ರವಾಗಿರಲಿಲ್ಲ. ಮಗನನ್ನು ಯಾವ ಕೋರ್ಸಿಗೆ ಸೇರಿಸಬೇಕು, ಮಗಳನ್ನು ಯಾವ ಮನೆಗೆ ಕೊಡಬೇಕು, ಹೈದರಾಬಾದಿಗೆ ಹೋಗಬೇಕೇ, ಪುಣೆಗೆ ಹೋಗಬೇಕೇ, ಗಲ್ಫಿಗೆ ಹೋಗಬೇಕೇ ಎಂದು ನಮ್ಮ ಮನೆಗಳಲ್ಲಿ ಚರ್ಚೆ ನಡೆಯುವಾಗಲೆಲ್ಲ ಕೊನೆಗೆ ಬಂದು ನಿಲ್ಲುವ ಪ್ರಶ್ನೆ ಇದೇ: ಸಿಗುವುದೇನು? ಊರಿಗೆ ಮರಳಿದ ಮೇಲೆ ಆ ಹುಡುಗನಿಗಾಗಿಯೂ ನನಗಾಗಿಯೂ ಇತಿಹಾಸವನ್ನು ಮತ್ತೊಮ್ಮೆ ಓದಿದೆ. ಆ ಓದಿನ ಫಲವೇ ಈ ಬರಹ.

ಮಹ್ಮೂದ್ ಗವಾನರು ಇರಾನಿನ ಗೀಲಾನ್ ಪ್ರಾಂತದವರು. ಪ್ರತಿಷ್ಠಿತ ಮನೆತನದಲ್ಲಿ ಹುಟ್ಟಿ, ಸ್ವದೇಶದ ರಾಜಕೀಯ ಒಳಸಂಚುಗಳಿಂದ ಬೇಸತ್ತು ವ್ಯಾಪಾರದ ಹಾದಿ ಹಿಡಿದವರು. 1453ರಲ್ಲಿ ಕೊಂಕಣದ ದಾಭೋಳ ಬಂದರಿಗೆ ಬಂದಿಳಿದು ಬೀದರ್ ತಲುಪಿದಾಗ ಅವರಿಗೆ ನಲವತ್ತು ದಾಟಿತ್ತು. ಅವರನ್ನು ಇಲ್ಲಿಗೆ ಎಳೆದು ತಂದದ್ದು ವ್ಯಾಪಾರವೊಂದೇ ಅಲ್ಲ. ಬೀದರ್‌ನಲ್ಲಿ ನೆಲೆಸಿದ್ದ ಶಾಹ್ ನಿಅಮತುಲ್ಲಾಹರ ವಂಶದ ಸೂಫಿ ಶಾಹ್ ಮುಹಿಬ್ಬುಲ್ಲಾಹರನ್ನು ಕಾಣುವ ಹಂಬಲವೂ ಇತ್ತು. ಆದರೆ ಬಹಮನಿ ಸುಲ್ತಾನರು ಅವರ ಯೋಗ್ಯತೆಯನ್ನು ಗುರುತಿಸಿ ತಮ್ಮಲ್ಲಿಯೇ ಉಳಿಸಿಕೊಂಡರು. ವ್ಯಾಪಾರಿಗಳ ಒಡೆಯ ಎಂಬ ಅರ್ಥದ ‘ಮಲಿಕುತ್ತುಜ್ಜಾರ್’ ಬಿರುದು ಬಂತು. ಆ ಬಳಿಕ ‘ಖ್ವಾಜಾ ಜಹಾನ್’ ಎಂಬ ಬಿರುದೂ ಪ್ರಧಾನಮಂತ್ರಿ ಪದವಿಯೂ ಒದಗಿದವು. 1463ರಲ್ಲಿ ಬಾಲಕನಾಗಿದ್ದ ಮೂರನೆಯ ಮುಹಮ್ಮದ್ ಶಾಹನು ಪಟ್ಟಕ್ಕೆ ಬಂದ ಮೇಲೆ ರಾಜ್ಯದ ಭಾರವೆಲ್ಲ ಅವರ ಹೆಗಲಿಗೇರಿತು. ಪರದೇಶದ ವ್ಯಾಪಾರಿಯೊಬ್ಬನು ಇದಕ್ಕಿಂತ ಎತ್ತರಕ್ಕೆ ಏರುವುದು ಸಾಧ್ಯವಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಅವರದು ಪೂರ್ಣ ಯಶಸ್ಸು ಕಂಡ ವೃತ್ತಿಜೀವನ.

ಹಿಜ್ರಿ 876ನೆಯ ವರ್ಷ, ಅಂದರೆ 1471ರ ಜೂನ್‌ನಿಂದ 1472ರ ಜೂನ್‌ವರೆಗಿನ ಅವಧಿ, ಈ ಕಥೆಯಲ್ಲಿ ಬಹಳ ಮುಖ್ಯವಾದುದು. ಆ ಒಂದೇ ವರ್ಷದಲ್ಲಿ ಗವಾನರ ಎರಡು ದೊಡ್ಡ ಕಾರ್ಯಗಳು ಕೈಗೂಡಿದವು. ಒಂದು, ಪಶ್ಚಿಮ ಕರಾವಳಿಯ ದಂಡಯಾತ್ರೆಯಲ್ಲಿ 1472ರ ಫೆಬ್ರವರಿಯಲ್ಲಿ ಗೋವೆ ಅವರ ವಶವಾಯಿತು. ಇನ್ನೊಂದು, ಬೀದರ್‌ನಲ್ಲಿ ಅವರ ಮದ್ರಸಾ ಪೂರ್ಣಗೊಂಡಿತು.

ಗೋವೆಯಿಂದ ಮರಳಿದ ಮಂತ್ರಿಗೆ ಅಭೂತಪೂರ್ವ ಸ್ವಾಗತ ದೊರೆಯಿತು. ಸ್ವತಃ ಸುಲ್ತಾನನು ಅವರ ಮನೆಗೆ ಬಂದು ಒಂದು ವಾರ ತಂಗಿದ, ತನ್ನ ಉಡುಪನ್ನೇ ತೊಡಿಸಿ ಗೌರವಿಸಿದ. ರಾಜಮಾತೆ ಅವರನ್ನು ಸಹೋದರನೆಂದು ಕರೆದರು. ಅನಂತರ ನಡೆದುದನ್ನು ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಬರೆದ ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಸುಲ್ತಾನನು ಹೊರಟುಹೋದ ಮೇಲೆ ಗವಾನರು ಒಳಕೋಣೆಗೆ ಹೋಗಿ, ಮೈಮೇಲಿದ್ದ ಬೆಲೆಬಾಳುವ ಉಡುಪನ್ನು ಕಳಚಿ, ನೆಲದ ಮೇಲೆ ಬಿದ್ದು ಅತ್ತರು. ಬಳಿಕ ಫಕೀರರ ಉಡುಗೆಯಲ್ಲಿ ಹೊರಬಂದು ನಗರದ ವಿದ್ವಾಂಸರನ್ನೂ ಸಜ್ಜನರನ್ನೂ ಕರೆಸಿ, ವ್ಯಾಪಾರದಿಂದಲೂ ಅಧಿಕಾರದಿಂದಲೂ ಕೂಡಿಬಂದಿದ್ದ ಹಣ, ಆಭರಣ, ವಸ್ತುಗಳೆಲ್ಲವನ್ನೂ ಹಂಚಿಬಿಟ್ಟರು. ಉಳಿಸಿಕೊಂಡದ್ದು ಆನೆ, ಕುದುರೆ ಮತ್ತು ಪುಸ್ತಕಗಳನ್ನು ಮಾತ್ರ.

ಅವರಲ್ಲೊಬ್ಬ ವಿದ್ವಾಂಸರು ಕಾರಣ ಕೇಳಿದರು. ರಾಜನು ಮನೆಗೆ ಬಂದಾಗ, ರಾಜಮಾತೆ ಸಹೋದರನೆಂದಾಗ, ತಮ್ಮೊಳಗೆ ಅಹಂಕಾರವು ತಲೆಯೆತ್ತಿ ವಿವೇಕದೊಡನೆ ಕಾದಾಡತೊಡಗಿತೆಂದು ಗವಾನರು ಒಪ್ಪಿಕೊಂಡರು. ಆ ಕಳವಳ ಮುಖದಲ್ಲಿ ಕಾಣಿಸಿ ಸುಲ್ತಾನನು ಏನಾಯಿತೆಂದು ವಿಚಾರಿಸಿದಾಗ ಅನಾರೋಗ್ಯದ ನೆಪ ಹೇಳಬೇಕಾಯಿತಂತೆ. ಆ ಅಹಂಕಾರಕ್ಕೆ ಕಾರಣವಾದುದನ್ನೇ ಮನೆಯಿಂದ ಹೊರಗೆ ಹಾಕಿದ್ದೇನೆ ಎಂಬುದು ಅವರ ಉತ್ತರದ ಸಾರ. ಉಳಿಸಿಕೊಂಡವುಗಳಲ್ಲಿ ಪುಸ್ತಕಗಳು ವಿದ್ಯಾರ್ಥಿಗಳಿಗೆ ಸೇರಿದ್ದು, ಆನೆ ಕುದುರೆಗಳು ರಾಜ್ಯಕ್ಕೆ ಸೇರಿದ್ದು. ತಮ್ಮದೆಂಬುದು ಅವುಗಳಲ್ಲಿ ಏನೂ ಇಲ್ಲ ಎಂದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗವಾನರು ಸೋತು ನಿರಾಶರಾಗಿ ಸಂಪತ್ತನ್ನು ತೊರೆದವರಲ್ಲ. ಯಶಸ್ಸಿನ ಶಿಖರದಲ್ಲಿ ನಿಂತು, ಆ ಯಶಸ್ಸೇ ತಮ್ಮನ್ನು ನುಂಗುವ ಮೊದಲು ಎಚ್ಚೆತ್ತುಕೊಂಡವರು. ಹಾಗೆಂದು ಅವರು ಕಾಡಿಗೂ ಹೋಗಲಿಲ್ಲ, ಮಂತ್ರಿಪದವಿಯನ್ನೂ ಬಿಡಲಿಲ್ಲ. ಅನಂತರದ ವರ್ಷಗಳಲ್ಲಿಯೇ ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ, ಪ್ರಾಂತಾಧಿಕಾರಿಗಳ ಕೈಯಲ್ಲಿದ್ದ ಕೋಟೆಗಳನ್ನು ಕಡಿಮೆ ಮಾಡಿ, ಭೂಮಿಯನ್ನು ಅಳೆಸಿದರು. ಸ್ವಂತ ಜೀವನಕ್ಕೆ ಮಾತ್ರ ಇರಾನಿನಿಂದ ತಂದಿದ್ದ 40,000 ‘ಲಾರೀ’ ಎಂಬ ಬೆಳ್ಳಿ ನಾಣ್ಯಗಳ ಬಂಡವಾಳದ ವ್ಯಾಪಾರವನ್ನು ನಂಬಿದ್ದರು. ಅದರ ಲಾಭದಲ್ಲಿ ತಮ್ಮ ಅಡುಗೆಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಬಡವರಿಗೆ ಕೊಡುತ್ತಿದ್ದರು. ಮಲಗುತ್ತಿದ್ದುದು ಚಾಪೆಯ ಮೇಲೆ, ಉಣ್ಣುತ್ತಿದ್ದುದು ಮಣ್ಣಿನ ಪಾತ್ರೆಯಲ್ಲಿ ಎಂದು ಫಿರಿಶ್ತಾ ಹೇಳುತ್ತಾನೆ. ನಿಜವಾದ ಶ್ರೀಮಂತಿಕೆಯು ವಸ್ತುಗಳ ಹೆಚ್ಚಳದಲ್ಲಿಲ್ಲ, ಮನಸ್ಸಿನ ತೃಪ್ತಿಯಲ್ಲಿದೆ ಎಂಬ ಪ್ರವಾದಿ ಮುಹಮ್ಮದ್‌(ಸ)ರ ಬೋಧನೆಯನ್ನು ನಾವೆಲ್ಲ ಕೇಳಿದ್ದೇವೆ. ಅದು ಅಧಿಕಾರದ ನಡುವೆಯೂ ಬದುಕಿ ತೋರಿಸಬಹುದಾದ ಬೋಧನೆ ಎಂಬುದಕ್ಕೆ ನಮ್ಮದೇ ಜಿಲ್ಲೆಯ ಈ ಜೀವನ ಸಾಕ್ಷಿ.

ಇನ್ನು ಮದ್ರಸಾ. 205 ಅಡಿ ಉದ್ದ, 180 ಅಡಿ ಅಗಲದ ಮೂರಂತಸ್ತಿನ ಕಟ್ಟಡ. ಅದರಲ್ಲಿ ಮಸೀದಿ, ಪಾಠದ ಸಭಾಂಗಣಗಳು, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಸತಿ, 3,000 ಹಸ್ತಪ್ರತಿಗಳ ಗ್ರಂಥಾಲಯ ಇದ್ದವು. ಹೊರಗೋಡೆಗೆ ನೀಲಿ, ಹಸಿರು, ಹಳದಿ ಹೆಂಚುಗಳ ಅಲಂಕಾರ. ಅವುಗಳ ಮೇಲೆ ಪವಿತ್ರ ಕುರ್‌ಆನಿನ ವಚನಗಳು. ಅದು ಪೂರ್ಣಗೊಂಡ ವರ್ಷವನ್ನು ಸೂಚಿಸಲು ಅಂದಿನ ಕವಿಯೊಬ್ಬರು ಆರಿಸಿಕೊಂಡದ್ದು ಮೂರು ಪದಗಳ ಒಂದು ದುಆವನ್ನು. ಅರಬಿ ಅಕ್ಷರಗಳಿಗೆ ಅಬ್ಜದ್ ಪದ್ಧತಿಯಲ್ಲಿ ಒಂದೊಂದು ಸಂಖ್ಯಾಮೌಲ್ಯವಿದೆ. ಆ ಮೂರು ಪದಗಳ ಮೌಲ್ಯ 253, 532 ಮತ್ತು 91, ಕೂಡಿದರೆ 876. ಅದು ಯಾವ ದುಆ? ಹಝ್ರತ್ ಇಬ್ರಾಹೀಮ್(ಅ) ಮತ್ತು ಹಝ್ರತ್ ಇಸ್ಮಾಈಲ್(ಅ) ಕಅಬಾದ ಗೋಡೆಗಳನ್ನು ಎತ್ತುತ್ತಿದ್ದಾಗ, ತಮ್ಮ ಸೇವೆಯನ್ನು ಸ್ವೀಕರಿಸಬೇಕೆಂದು ಪ್ರಭುವಿನಲ್ಲಿ ಬೇಡಿಕೊಂಡ ದುಆ. ಅಲ್ಲಾಹನ ಮನೆಯನ್ನು ಕಟ್ಟಿದ ಪ್ರವಾದಿಗಳೇ ಕೂಲಿಯನ್ನು ಕೇಳದೆ ಸ್ವೀಕೃತಿಯನ್ನು ಕೇಳಿದರು.

ಕೊನೆಯ ಅಧ್ಯಾಯ ದುಃಖದ್ದು. ಗವಾನರ ಸುಧಾರಣೆಗಳಿಂದ ಅಧಿಕಾರ ಕಳೆದುಕೊಂಡವರು ಅವರ ಮುದ್ರೆಯನ್ನು ಮೋಸದಿಂದ ಖಾಲಿ ಕಾಗದದ ಮೇಲೆ ಒತ್ತಿಸಿ, ಒಡಿಶಾದ ಅರಸನಿಗೆ ಬರೆದಂತೆ ರಾಜದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಪಾನಮತ್ತನಾಗಿದ್ದ ಸುಲ್ತಾನನು ವಿಚಾರಣೆಯಿಲ್ಲದೆ, 1481ರ ಏಪ್ರಿಲ್ 5ರಂದು, ವೃದ್ಧ ಮಂತ್ರಿಯ ಶಿರಚ್ಛೇದ ಮಾಡಿಸಿದ. ಅಪಾರ ನಿಧಿ ಸಿಗಬಹುದೆಂದು ಅವರ ಖಜಾಂಚಿಯನ್ನು ಕರೆಸಿದಾಗ ತಿಳಿದದ್ದು ಬೇರೆ. ಮಂತ್ರಿಗೆ ಎರಡು ಭಂಡಾರಗಳಿದ್ದವು: ಸೈನ್ಯ, ಆನೆ, ಕುದುರೆಗಳ ಖರ್ಚಿಗೆ ರಾಜನ ಭಂಡಾರ, ಇನ್ನೊಂದು ಬಡವರ ಭಂಡಾರ. ಫಿರಿಶ್ತಾ ಹೇಳುವಂತೆ, ಈ ಎರಡನೆಯದರಲ್ಲಿ ಉಳಿದಿದ್ದುದು ಕೇವಲ 300 ಲಾರೀ. ಸುಲ್ತಾನನು ಪಶ್ಚಾತ್ತಾಪದಲ್ಲಿ ಬೆಂದು ಒಂದು ವರ್ಷದೊಳಗೆ ತೀರಿಕೊಂಡ. ಕೆಲವು ದಶಕಗಳಲ್ಲಿ ರಾಜ್ಯವೇ ಒಡೆದು ಹೋಳಾಯಿತು.

ಈಗ ಹಿಜ್ರಿ 876ರ ಆ ಎರಡು ಕಾರ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಲೋಕವು ಹೊಗಳಿ ಕೊಂಡಾಡಿದ ಗೋವೆಯ ವಿಜಯ ನಾಲ್ಕು ದಶಕವೂ ಬಾಳಲಿಲ್ಲ. 1510ರಲ್ಲಿ ಅದು ಪೋರ್ಚುಗೀಸರ ಪಾಲಾಯಿತು. ಮದ್ರಸಾದಲ್ಲಾದರೋ ಎರಡು ಶತಮಾನಗಳಿಗೂ ಹೆಚ್ಚು ಕಾಲ ಎದ್ದುನಿಂತ ಕಟ್ಟಡ 17ನೆಯ ಶತಮಾನದ ಕೊನೆಯಲ್ಲಿ ಮದ್ದುಗುಂಡಿನ ಸ್ಫೋಟಕ್ಕೆ ಸಿಕ್ಕಿ ಒಂದು ಮಿನಾರನ್ನೂ ಮುಂಭಾಗದ ಬಹುಪಾಲನ್ನೂ ಕಳೆದುಕೊಂಡಿತು. ಕಲ್ಲಿಗೂ ಆಯುಷ್ಯವಿದೆ. ಆದರೆ ಉಪಯುಕ್ತ ಜ್ಞಾನವೂ ಹರಿಯುತ್ತಲೇ ಇರುವ ದಾನವೂ ಮನುಷ್ಯನ ಮರಣದೊಂದಿಗೆ ಕೊನೆಗೊಳ್ಳುವುದಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಐದೂವರೆ ಶತಮಾನಗಳ ಬಳಿಕ ಮೆಹಕರದ ಮಕ್ಕಳು ಅದೇ ಅಂಗಳದಲ್ಲಿ ಕುಳಿತು ಪಾಠ ಕೇಳಿದ್ದು ಆ ದಾನದ ಒಂದು ಹನಿಯಲ್ಲವೇ?

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನನ್ನೊಂದಿಗೆ ಓದಿದವರು ಹೊಸ ಮನೆ ಕಟ್ಟಿಸಿದಾಗ, ಉಸ್ತಾದನ ಸಂಬಳವನ್ನು ಬೆರಳೆಣಿಸಿ ನಿಟ್ಟುಸಿರು ಬಿಟ್ಟ ರಾತ್ರಿಗಳು ನನಗೂ ಇವೆ. ಅದೇ ಹೊಸ ಮನೆಯವರೊಬ್ಬರು ರಜೆಯಲ್ಲಿ ಬಂದು, ಎಲ್ಲವೂ ಇದೆ, ನೆಮ್ಮದಿಯ ನಿದ್ದೆಯೊಂದಿಲ್ಲ ಎಂದು ನನ್ನೆದುರು ಕುಳಿತದ್ದೂ ಉಂಟು. ನಾವಿಬ್ಬರೂ ಒಂದೇ ತಪ್ಪು ಮಾಡಿದ್ದೆವು. ಅವರು ದೊರೆತುದನ್ನು ಎಣಿಸುತ್ತಿದ್ದರು, ನಾನು ದೊರೆಯದುದನ್ನು. ಸ್ವೀಕೃತವಾಗುವಂಥದ್ದು ನಮ್ಮ ಬಳಿ ಏನಿದೆ ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ದುಡಿಯುವುದು ಇಬಾದತ್, ಕುಟುಂಬವನ್ನು ಪೋಷಿಸುವುದು ಕರ್ತವ್ಯ. ಅದರಲ್ಲಿ ಸಂಶಯವಿಲ್ಲ. ಆದರೆ ಪ್ರತಿಯೊಂದು ಮನೆಯಲ್ಲೂ, ಅದು ಎಷ್ಟೇ ಚಿಕ್ಕದಾಗಿರಲಿ, ಒಂದು ‘ಬಡವರ ಭಂಡಾರ’ ಇರಲಿ. ನೆರೆಯ ಅನಾಥ ಮಗುವಿನ ಶಾಲಾ ಶುಲ್ಕ, ವಾರಕ್ಕೆ ಎರಡು ಗಂಟೆ ಕೇರಿಯ ಮಕ್ಕಳಿಗೆ ಪಾಠ, ರೋಗಿಯೊಬ್ಬರ ಬಳಿ ಕುಳಿತು ಆಡುವ ನಾಲ್ಕು ಮಾತು ಅದರ ನಾಣ್ಯಗಳಾಗಬಹುದು.

ಬೀದರ್‌ನ ಅಷ್ಟೂರಿನಲ್ಲಿ ಸುಲ್ತಾನರ ಎತ್ತರದ ಗುಮ್ಮಟಗಳಿವೆ. ನಗರದ ಹೊರಗೆ ಇನ್ನೊಂದು ದಿಕ್ಕಿನಲ್ಲಿ ಗವಾನರ ಸರಳ ಗೋರಿಯಿದೆ. ಮುಂದಿನ ಬಾರಿ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯುತ್ತೇನೆ. ಆ ಹುಡುಗನಿಗೆ ನನ್ನ ಉತ್ತರ ಸಿದ್ಧವಾಗಿದೆ: ಮಗನೇ, ಅವರಿಗೆ ಸಿಕ್ಕಿದ್ದೇನೆಂಬ ಲೆಕ್ಕ ಸುಲ್ತಾನನ ಬಳಿ ಇರಲಿಲ್ಲ, ಅವರು ಅದನ್ನು ಕೇಳಿದ್ದೂ ಸುಲ್ತಾನನಲ್ಲಿ ಅಲ್ಲ. ಕೇಳಬೇಕಾದವನಲ್ಲಿಯೇ ಕೇಳಿದರು. ಬಾ, ಅವರಿಗಾಗಿ ದುಆ ಮಾಡೋಣ.

ಅಲ್ಲಾಹನು ಖ್ವಾಜಾರ ಸೇವೆಯನ್ನು ಸ್ವೀಕರಿಸಲಿ. ನಮ್ಮ ದುಡಿಮೆಯಲ್ಲಿ ಬರಕತ್ತನ್ನೂ, ದೊರೆತುದರಲ್ಲಿ ತೃಪ್ತಿಯನ್ನೂ, ಕೊಡುವ ಕೈಯನ್ನೂ ನಮಗೆಲ್ಲ ಅನುಗ್ರಹಿಸಲಿ. ಆಮೀನ್.