ಮೈಟೊಕಾಂಡ್ರಿಯದ ಡಿಎನ್‌ಎ ಉತ್ಪರಿವರ್ತನೆಗಳ ಪತ್ತೆ

ಮೈಟೊಕಾಂಡ್ರಿಯದ ಡಿಎನ್‌ಎ ಉತ್ಪರಿವರ್ತನೆಗಳ ಪತ್ತೆ ಎಂಬುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳ ಡಿಎನ್‌ಎಯಲ್ಲಿ ಉಂಟಾಗುವ ರೋಗಕಾರಕ ಬದಲಾವಣೆಗಳನ್ನು ಪ್ರಯೋಗಾಲಯದಲ್ಲಿ ಗುರುತಿಸುವ ಪ್ರಕ್ರಿಯೆ. ಪರೀಕ್ಷೆಯ ಫಲಿತಾಂಶವು ಬಳಸಿದ ವಿಧಾನವನ್ನಷ್ಟೇ ಅಲ್ಲದೆ, ಮಾದರಿಯನ್ನು ಯಾವ ಅಂಗಾಂಶದಿಂದ ತೆಗೆಯಲಾಗಿದೆ ಎಂಬುದನ್ನೂ ಅವಲಂಬಿಸಿರುತ್ತದೆ.

ಹಿನ್ನೆಲೆ

ಮಾನವನ ಮೈಟೊಕಾಂಡ್ರಿಯದ ಡಿಎನ್‌ಎ 16,569 ಬೇಸ್ ಜೋಡಿಗಳುಳ್ಳ ವರ್ತುಲಾಕಾರದ ಅಣು. ಇದರಲ್ಲಿ 37 ಜೀನುಗಳಿದ್ದು, ಇದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಇದರ ಪೂರ್ಣ ಅನುಕ್ರಮವು 1981ರಲ್ಲಿ ಪ್ರಕಟವಾಯಿತು. ಇದರಲ್ಲಿನ ದೋಷಗಳಿಂದ ರೋಗ ಬರುತ್ತದೆ ಎಂಬುದು 1988ರಲ್ಲಿ ದೃಢಪಟ್ಟಿತು.

ಒಂದೇ ಕೋಶದಲ್ಲಿ ಈ ಡಿಎನ್‌ಎಯ ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ಸಹಜ ಮತ್ತು ದೋಷಯುಕ್ತ ಪ್ರತಿಗಳು ಒಟ್ಟಿಗೇ ಇರುವ ಸ್ಥಿತಿಯನ್ನು ಹೆಟೆರೋಪ್ಲಾಸ್ಮಿ ಎನ್ನುತ್ತಾರೆ. ದೋಷಯುಕ್ತ ಪ್ರತಿಗಳ ಪ್ರಮಾಣವು ಒಂದು ಮಿತಿಯನ್ನು ಮೀರಿದಾಗ ರೋಗಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಮಾದರಿಯ ಆಯ್ಕೆ

ಮೆಲಾಸ್ ರೋಗಕ್ಕೆ ಕಾರಣವಾಗುವ, 3243ನೆಯ ಸ್ಥಾನದ ಉತ್ಪರಿವರ್ತನೆಯ ಪ್ರಮಾಣವು ರಕ್ತದಲ್ಲಿ ವಯಸ್ಸಾದಂತೆ ಕಡಿಮೆಯಾಗುತ್ತದೆ. ಆದ್ದರಿಂದ ವಯಸ್ಕರಲ್ಲಿ ಮೂತ್ರದಲ್ಲಿನ ಕೋಶಗಳು ಅಥವಾ ಸ್ನಾಯುವಿನ ತುಣುಕು ಹೆಚ್ಚು ಉಪಯುಕ್ತ. ಡಿಎನ್‌ಎಯ ದೊಡ್ಡ ಭಾಗವೇ ಅಳಿಸಿಹೋಗಿರುವ ರೋಗಗಳಲ್ಲಿಯೂ ರಕ್ತಪರೀಕ್ಷೆ ವಿಫಲವಾಗಬಹುದು.

ವಿಧಾನಗಳು

* ಪಿಸಿಆರ್-ಆರ್‌ಎಫ್‌ಎಲ್‌ಪಿ: ಡಿಎನ್‌ಎಯ ಆಯ್ದ ಭಾಗವನ್ನು ವರ್ಧಿಸಿ, ನಿರ್ದಿಷ್ಟ ಸ್ಥಳದಲ್ಲಿ ಕತ್ತರಿಸುವ ಕಿಣ್ವದಿಂದ ತುಂಡರಿಸಲಾಗುತ್ತದೆ. 3243ನೆಯ ಸ್ಥಾನದಲ್ಲಿ ಎ ಬದಲು ಜಿ ಬಂದಾಗ ಎಪಿಎ-1 ಕಿಣ್ವವು ಕತ್ತರಿಸುವ ಹೊಸ ತಾಣ ಉಂಟಾಗುತ್ತದೆ. ಈ ವಿಧಾನವು ಅಗ್ಗವಾದುದು, ಆದರೆ ಮೊದಲೇ ತಿಳಿದಿರುವ ಬದಲಾವಣೆಗಳಿಗೆ ಸೀಮಿತ.
* ಸ್ಯಾಂಗರ್ ಅನುಕ್ರಮಣ: ಬೇಸ್‌ಗಳ ಕ್ರಮವನ್ನು ನೇರವಾಗಿ ಓದುತ್ತದೆ. ದೋಷಯುಕ್ತ ಪ್ರತಿಗಳು ಸುಮಾರು ಶೇ. 15-20ಕ್ಕಿಂತ ಕಡಿಮೆಯಿದ್ದರೆ ಗುರುತಿಸುವುದು ಕಷ್ಟ.
* ಸದರ್ನ್ ಬ್ಲಾಟ್ ಮತ್ತು ದೀರ್ಘ ಪಿಸಿಆರ್: ದೊಡ್ಡ ಅಳಿವುಗಳನ್ನು ಪತ್ತೆಹಚ್ಚುತ್ತವೆ. ಇವುಗಳಲ್ಲಿ 4,977 ಬೇಸ್ ಜೋಡಿಗಳ ಅಳಿವು ಅತಿ ಸಾಮಾನ್ಯ.
* ಮುಂದಿನ ಪೀಳಿಗೆಯ ಅನುಕ್ರಮಣ: ಇಡೀ ಅಣುವನ್ನು ಸಾವಿರಾರು ಬಾರಿ ಓದಿ, ಅತ್ಯಲ್ಪ ಪ್ರಮಾಣದ ಹೆಟೆರೋಪ್ಲಾಸ್ಮಿಯನ್ನೂ ಅಳೆಯುತ್ತದೆ. ಕೋಶಕೇಂದ್ರದ ಡಿಎನ್‌ಎಯಲ್ಲಿ ಸೇರಿಕೊಂಡಿರುವ ಮೈಟೊಕಾಂಡ್ರಿಯದ ತುಣುಕುಗಳು ಇದರಲ್ಲಿ ತಪ್ಪು ಫಲಿತಾಂಶ ನೀಡುವ ಸಾಧ್ಯತೆಯಿದೆ.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳ ಜೊತೆಗೂಡಿ ಮೈಟೊಕಾಂಡ್ರಿಯದ ರೋಗಗಳ ಬಗ್ಗೆ ಸಂಶೋಧನೆ ನಡೆಸಿದ್ದಾರೆ. ಗುಡಗೇರಿಯಂತಹ ಊರಿನಲ್ಲಿ ತೆಗೆದ ರಕ್ತವನ್ನು ಇಡಿಟಿಎ ನಳಿಕೆಯಲ್ಲಿ ತಂಪಾಗಿಟ್ಟು ದೂರದ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಆದರೆ ಸ್ನಾಯುವಿನ ತುಣುಕನ್ನು ತಕ್ಷಣವೇ ಘನೀಕರಿಸಬೇಕಾಗುವುದರಿಂದ ರೋಗಿಯು ಸುಸಜ್ಜಿತ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಮೈಟೊಕಾಂಡ್ರಿಯದ ಬಹುಪಾಲು ಪ್ರೋಟೀನುಗಳ ಜೀನುಗಳು ಕೋಶಕೇಂದ್ರದಲ್ಲಿರುತ್ತವೆ. ಸೋದರಮಾವ ಅಥವಾ ಅತ್ತೆಯ ಮಕ್ಕಳೊಂದಿಗೆ ಮದುವೆಯಾಗುವ ಪದ್ಧತಿಯಿರುವ ಕುಟುಂಬಗಳಲ್ಲಿ ಆ ಜೀನುಗಳ ಪರೀಕ್ಷೆಯೂ ಮುಖ್ಯ.

ಮಹತ್ವ

1555ನೆಯ ಸ್ಥಾನದ ಉತ್ಪರಿವರ್ತನೆ ಇರುವವರಿಗೆ ಜೆಂಟಾಮೈಸಿನ್‌ನಂತಹ ಪ್ರತಿಜೀವಕಗಳಿಂದ ಶಾಶ್ವತ ಕಿವುಡುತನ ಬರಬಹುದು. ಒಬ್ಬರಲ್ಲಿ ಇದು ಪತ್ತೆಯಾದರೆ ತಾಯಿಯ ಕಡೆಯ ಸಂಬಂಧಿಕರಿಗೂ ಮುನ್ನೆಚ್ಚರಿಕೆ ನೀಡಲು ಸಾಧ್ಯವಾಗುತ್ತದೆ.